‘ಹುಷಾರು’ ಎಂಬ ಮಾತಿನ ಹಿಂದೆ

ಕಳೆದ ಶಅಬಾನ್ ತಿಂಗಳಲ್ಲಿ, ವಾರ್ಷಿಕ ಪರೀಕ್ಷೆಗೆ ಕೆಲವೇ ದಿನಗಳಿರುವಾಗ, ಮದ್ರಸದ ಐದನೆಯ ತರಗತಿಯ ಮಕ್ಕಳಿಗೆ ಒಂದು ಪ್ರಶ್ನೆ ಕೇಳಿದೆ: ‘ನಿಮಗೆ ಗೊತ್ತಿರುವವರಲ್ಲಿ ಎಲ್ಲರಿಗಿಂತ ಹುಷಾರು ಯಾರು?’ ಪಾಠ ಮುಗಿದು ಶಾಲೆಯ ಬಸ್ಸು ಬರಲು ಹತ್ತು ನಿಮಿಷ ಉಳಿದಿತ್ತು, ಅಷ್ಟೇ ಕಾರಣ. ಒಬ್ಬಳು ಎಸ್ಸೆಸ್ಸೆಲ್ಸಿಯಲ್ಲಿ ಆರುನೂರು ದಾಟಿದ ತನ್ನ ಅಕ್ಕನ ಹೆಸರು ಹೇಳಿದಳು. ಇನ್ನೊಬ್ಬ ಗಲ್ಫ್‌ನಲ್ಲಿ ಅಂಗಡಿಯಿಟ್ಟಿರುವ ಚಿಕ್ಕಪ್ಪನನ್ನು ನೆನೆದ. ಹಿಂದಿನ ಬೆಂಚಿನಲ್ಲಿದ್ದ ಹುಡುಗನೊಬ್ಬ ಎದ್ದು ನಿಂತು ಹೇಳಿದ: ‘ನನ್ನ ಮಾವ ಉಸ್ತಾದ್. ಬಿದ್ದು ಹಾಳಾಗಿದ್ದ ಬೈಕಿಗೆ ಬಣ್ಣ ಹೊಡೆಸಿ ಹೊಸದರ ಹಾಗೆ ಮಾಡಿ ಮಾರಿದರು. ತಗೊಂಡವನಿಗೆ ಗೊತ್ತೇ ಆಗಲಿಲ್ಲ.’

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ನಾನೂ ನಕ್ಕುಬಿಟ್ಟೆ. ಬಸ್ಸು ಬಂತು, ಮಕ್ಕಳು ಓಡಿದರು. ಖಾಲಿ ತರಗತಿಯಲ್ಲಿ ಕುಳಿತಾಗಲೇ ನನಗೆ ಆ ನಗುವಿನ ಭಾರ ತಿಳಿದದ್ದು. ಆ ಹುಡುಗನಿಗೆ ಈ ಕತೆಯನ್ನು ಮೆಚ್ಚುಗೆಯಿಂದ ಹೇಳಿದವರು ಮನೆಯ ಹಿರಿಯರು. ಅದಕ್ಕೆ ಮೊಹರು ಒತ್ತಿದವನು ಅವನ ಉಸ್ತಾದ್.

‘ಹುಷಾರು’ ಎಂಬ ಪದವನ್ನು ನಾವು ಯೋಚಿಸದೆ ಬಳಸುತ್ತೇವೆ. ಪಾರಸಿಯ ‘ಹೋಶಿಯಾರ್’ ಉರ್ದುವಿನ ಮೂಲಕ ಕನ್ನಡಕ್ಕೆ ಬಂದು ಇಲ್ಲಿ ಮನೆಮಾತಾಗಿದೆ. ಹೋಶ್ ಎಂದರೆ ಎಚ್ಚರ, ಪ್ರಜ್ಞೆ. ಕನ್ನಡಿಗರು ಆ ಪದಕ್ಕೆ ಮೂರು ಅರ್ಥಗಳನ್ನು ಕೊಟ್ಟಿದ್ದಾರೆ. ಓದಿನಲ್ಲಿ ಮುಂದಿರುವ ಮಗು ಹುಷಾರು. ದೂರ ಹೊರಟವನಿಗೆ ‘ಹುಷಾರಾಗಿ ಹೋಗಿ ಬಾ’ ಎನ್ನುತ್ತೇವೆ. ಜ್ವರ ಬಂದವನಿಗೆ ಹುಷಾರಿಲ್ಲ. ಜಾಣತನ, ಎಚ್ಚರ, ಆರೋಗ್ಯ ಮೂರನ್ನೂ ಒಂದೇ ಪದದಲ್ಲಿ ಹಿಡಿದಿಟ್ಟ ಜನರ ಭಾಷಾಪ್ರಜ್ಞೆಯನ್ನು ಮೆಚ್ಚಬೇಕು. ಆದರೆ ಇತ್ತೀಚೆಗೆ ಆ ಜಾಗವನ್ನು ‘ಸ್ಮಾರ್ಟ್’ ಆಕ್ರಮಿಸಿಕೊಂಡಿದೆ. ಜೇಬಿನ ಫೋನಿಗೂ ಅದೇ ಹೆಸರು, ಗೋಡೆಯ ಟಿವಿಗೂ ಅದೇ ಹೆಸರು, ಬೈಕು ಮಾರಿದ ಮಾವನಿಗೂ ಅದೇ ಬಿರುದು. ಹಳೆಯ ಪದದಲ್ಲಿದ್ದ ಎಚ್ಚರವೂ ಆರೋಗ್ಯವೂ ಹೊಸ ಪದದಲ್ಲಿ ಉಳಿದಿಲ್ಲ.

ಅರಬಿಯಲ್ಲಿ ಬುದ್ಧಿಗೆ ‘ಅಕ್ಲ್’ ಎನ್ನುತ್ತಾರೆ. ಈ ಪದದ ಮೂಲದಲ್ಲಿರುವುದು ಕಟ್ಟುವಿಕೆ. ಒಂಟೆ ಎದ್ದು ಓಡದಂತೆ ಅದರ ಮುಂಗಾಲನ್ನು ಮಡಚಿ ಕಟ್ಟುವ ಹಗ್ಗಕ್ಕೆ ‘ಇಕಾಲ್’ ಎಂದು ಹೆಸರು. ಎರಡೂ ಒಂದೇ ಧಾತುವಿನವು. ಒಂಟೆಯನ್ನು ಕಟ್ಟಿಹಾಕಿ ಅನಂತರ ಅಲ್ಲಾಹನ ಮೇಲೆ ಭರವಸೆಯಿಡುವಂತೆ ಪ್ರವಾದಿವರ್ಯರು(ಸ) ಒಬ್ಬರಿಗೆ ಸೂಚಿಸಿದ ಹದೀಸ್ ನಮಗೆಲ್ಲ ಪರಿಚಿತ. ಅಲ್ಲಿ ಬರುವ ‘ಕಟ್ಟು’ ಎಂಬ ಕ್ರಿಯಾಪದವೂ ಇದೇ ಧಾತುವಿನದು. ಹಾಗಾದರೆ ಅಕ್ಲ್ ಎಂದರೆ ಓಟದ ವೇಗವಲ್ಲ, ಓಡದಂತೆ ಹಿಡಿಯುವ ಹಗ್ಗ. ಮತ್ತೊಂದು ಸಂಗತಿಯೂ ಗಮನಾರ್ಹ. ಕುರ್‌ಆನಿನಲ್ಲಿ ‘ಅಕ್ಲ್’ ಎಂಬುದು ನಾಮಪದವಾಗಿ ಒಮ್ಮೆಯೂ ಬಂದಿಲ್ಲ; ಕ್ರಿಯಾಪದದ ರೂಪಗಳಲ್ಲೇ 49 ಬಾರಿ ಬಂದಿದೆ. ಬುದ್ಧಿಯು ತಲೆಯೊಳಗೆ ಕೂಡಿಟ್ಟ ಸೊತ್ತಲ್ಲ, ಮನುಷ್ಯನು ಮಾಡಬೇಕಾದ ಕೆಲಸ ಎಂದು ನಾನು ಇದರಿಂದ ಅರ್ಥಮಾಡಿಕೊಂಡಿದ್ದೇನೆ.

ಪ್ರವಾದಿವರ್ಯರು(ಸ) ಬಳಸಿದ ಇನ್ನೊಂದು ಪದ ‘ಕಯ್ಯಿಸ್’. ನಮ್ಮ ಮಕ್ಕಳ ಭಾಷೆಯಲ್ಲಿ ಸ್ಮಾರ್ಟ್ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಅರಬಿ ಪದ ಸಿಗಲಾರದು. ತನ್ನನ್ನು ತಾನೇ ಲೆಕ್ಕಕ್ಕೆ ಹಿಡಿದು ಮರಣಾನಂತರದ ಬದುಕಿಗಾಗಿ ಕೆಲಸ ಮಾಡುವವನೇ ಕಯ್ಯಿಸ್ ಎಂಬ ಆಶಯದ ಹದೀಸನ್ನು ಶದ್ದಾದ್ ಬಿನ್ ಔಸ್(ರ) ವರದಿ ಮಾಡಿದ್ದಾರೆ. ತಿರ್ಮಿದಿ ಇಮಾಮರು ಇದನ್ನು ‘ಹಸನ್’ ಎಂದಿದ್ದಾರೆ. ವರದಿ ಸರಪಣಿಯ ಬಗ್ಗೆ ಆಕ್ಷೇಪವೆತ್ತಿದ ವಿದ್ವಾಂಸರೂ ಇದ್ದಾರೆ. ಲೆಕ್ಕ ಎಂಬ ಮಾತು ವ್ಯಾಪಾರಿಗೆ ಬೇಗ ಅರ್ಥವಾಗುತ್ತದೆ. ಅಂಗಡಿಯ ಗಲ್ಲಾಪೆಟ್ಟಿಗೆಯನ್ನು ರಾತ್ರಿ ಎಣಿಸದೆ ಮಲಗದ ನಮ್ಮ ಜನ ಅದೇ ದಿನದ ಮಾತನ್ನು, ತೂಕವನ್ನು, ಕೊಟ್ಟ ಭಾಷೆಯನ್ನು ಎಣಿಸುವುದಿಲ್ಲ. ಅದು ಎಣಿಸಬೇಕಾದದ್ದೆಂದು ಯಾರೂ ಹೇಳಿಕೊಡುವುದೂ ಇಲ್ಲ.

ಇಷ್ಟು ಹೇಳಿದರೆ ಕೆಲವರಿಗೆ ಅಸಮಾಧಾನ. ಉಸ್ತಾದರು ಮಕ್ಕಳನ್ನು ಪೆದ್ದರನ್ನಾಗಿ ಮಾಡಲು ಹೊರಟಿದ್ದಾರೆ, ಈ ಕಾಲದಲ್ಲಿ ಸ್ವಲ್ಪ ಚಾಲಾಕಿತನ ಬೇಡವೇ ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹುಡುಕಬೇಕಾದರೆ ಕ್ರಿ.ಶ. 622ರ ಹಿಜ್ರಾದ ದಿನಗಳಿಗೆ ಹೋಗಬೇಕು.

ಮದೀನವಿರುವುದು ಮಕ್ಕದ ಉತ್ತರಕ್ಕೆ. ಬೆನ್ನಟ್ಟುವವರು ಉತ್ತರಕ್ಕೇ ಓಡುವರೆಂದು ತಿಳಿದು ಪ್ರವಾದಿವರ್ಯರು(ಸ) ಅಬೂಬಕರ್‌(ರ)ರೊಂದಿಗೆ ದಕ್ಷಿಣದ ಸೌರ್ ಗುಹೆಗೆ ಹೋದರು. ಮೂರು ರಾತ್ರಿ ಅಲ್ಲಿಯೇ ತಂಗಿದರು. ಅಬೂಬಕರ್‌ರ ಮಗ ಅಬ್ದುಲ್ಲ ಹಗಲೆಲ್ಲ ಮಕ್ಕದ ಜನರ ನಡುವೆ ಇದ್ದು, ಅವರ ಯೋಜನೆಗಳನ್ನು ಕೇಳಿಸಿಕೊಂಡು ಕತ್ತಲಾದ ಮೇಲೆ ಸುದ್ದಿ ತರುತ್ತಿದ್ದರು. ಆಮಿರ್ ಬಿನ್ ಫುಹೈರ ಆಡುಕುರಿಗಳನ್ನು ಆ ದಾರಿಯಲ್ಲಿ ಹೊಡೆದುಕೊಂಡು ಬರುತ್ತಿದ್ದರು. ಗುಹೆಯಲ್ಲಿದ್ದವರಿಗೆ ಹಾಲೂ ಸಿಕ್ಕಿತು, ಹೆಜ್ಜೆಗುರುತೂ ಅಳಿಯಿತು. ದಾರಿ ತೋರಿಸಲು ಗೊತ್ತುಮಾಡಿಕೊಂಡ ಅಬ್ದುಲ್ಲ ಬಿನ್ ಉರೈಕಿತ್ ಮುಸ್ಲಿಮನಾಗಿರಲಿಲ್ಲ. ದಾರಿ ಬಲ್ಲವನಾಗಿದ್ದ, ನಂಬಿಕಸ್ಥನಾಗಿದ್ದ, ಅಷ್ಟು ಸಾಕಾಗಿತ್ತು. ಇಷ್ಟು ಜಾಗರೂಕವಾದ ಯೋಜನೆಯನ್ನು ಪೆದ್ದುತನವೆಂದು ಯಾರು ಕರೆದಾರು?

ಆದರೆ ಇದೇ ಯೋಜನೆಯಲ್ಲಿ, ಚಾಲಾಕಿಯ ಲೆಕ್ಕಾಚಾರಕ್ಕೆ ಒಗ್ಗದ ಒಂದು ಭಾಗವಿದೆ. ಮಕ್ಕದ ಜನ ತಮ್ಮ ಬೆಲೆಬಾಳುವ ವಸ್ತುಗಳನ್ನು ಪ್ರವಾದಿವರ್ಯರ(ಸ) ಬಳಿ ಅಮಾನತ್ತಾಗಿ ಇಡುತ್ತಿದ್ದರು. ವಿರೋಧ ತಾರಕಕ್ಕೇರಿದಾಗಲೂ ಅವು ಅವರ ಬಳಿಯಲ್ಲೇ ಇದ್ದವು. ಕೊಲ್ಲಲು ಸಂಚು ಹೂಡಿದ ಊರಿನ ಸೊತ್ತನ್ನು ಎತ್ತಿಕೊಂಡು ಹೋದರೆ ಯಾರು ಕೇಳಬಹುದಿತ್ತು? ನ್ಯಾಯ ತಮ್ಮ ಕಡೆಗಿದೆ ಎಂದು ಹೇಳಿಕೊಳ್ಳಲು ನೂರು ಕಾರಣಗಳೂ ಇದ್ದವು. ಅವರು ಅಲೀ(ರ)ರನ್ನು ಅಪಾಯದ ನಡುವೆಯೇ ಮಕ್ಕದಲ್ಲಿ ಉಳಿಸಿ, ಪ್ರತಿಯೊಂದು ಅಮಾನತ್ತನ್ನು ಅದರದರ ಒಡೆಯನಿಗೆ ತಲುಪಿಸಿದ ಮೇಲೆಯೇ ಹೊರಡುವಂತೆ ಹೇಳಿದರು. ಹುಷಾರಿನ ಮೂರು ಅರ್ಥಗಳೂ ಅಲ್ಲಿ ಒಂದಾಗಿ ನಿಂತಿವೆ.

ಬೈಕಿನ ಕತೆಗೂ ಮದೀನದ ಪೇಟೆಯಲ್ಲೊಂದು ಜೋಡಿಯಿದೆ. ಧಾನ್ಯದ ರಾಶಿಯೊಳಗೆ ಪ್ರವಾದಿವರ್ಯರು(ಸ) ಕೈಯಿಟ್ಟಾಗ ಬೆರಳಿಗೆ ತೇವ ತಾಗಿತು. ಮಳೆಗೆ ನೆನೆಯಿತೆಂದು ಮಾರುವವನು ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲಿಡಬಾರದಿತ್ತೇ ಎಂದು ಕೇಳಿ, ವಂಚಿಸುವವನು ತಮ್ಮವನಲ್ಲ ಎಂದರು. ಇದು ಸಹೀಹ್ ಮುಸ್ಲಿಮ್‌ನಲ್ಲಿದೆ. ಮುಂದಿನ ತರಗತಿಯಲ್ಲಿ ನಾನು ಈ ಹದೀಸನ್ನು ವಿವರಿಸಿದೆ. ಬೈಕಿನ ಹೆಸರೆತ್ತಲಿಲ್ಲ. ಹಿಂದಿನ ಬೆಂಚಿನ ಹುಡುಗ ತಲೆ ತಗ್ಗಿಸಿದ್ದನ್ನು ನೋಡಿದೆ. ಅವನ ತಪ್ಪೇನೂ ಇರಲಿಲ್ಲ.

ಇಷ್ಟಕ್ಕೇ ಲೇಖನ ಮುಗಿಸಿ ಮಾವನೊಬ್ಬನನ್ನೇ ಅಪರಾಧಿ ಮಾಡುವುದು ನನಗೆ ಸುಲಭ. ಆದರೆ ನಾನು ಬರೆಯಲು ಕುಳಿತದ್ದು ಬೇರೆಯೇ ಒಂದು ಲೆಕ್ಕದ ಸಲುವಾಗಿ.

ಮದೀನದ ಇಮಾಮ್ ಮಾಲಿಕ್(ರಹ) ಹಿಜರಿ 179ರಲ್ಲಿ ತೀರಿಕೊಂಡವರು, ಒಂದು ಮದ್‌ಹಬ್‌ಗೆ ಹೆಸರು ಕೊಟ್ಟವರು. ಒಮ್ಮೆ 48 ಪ್ರಶ್ನೆಗಳನ್ನು ಕೇಳಿದಾಗ 32ಕ್ಕೆ ಅವರು ನನಗೆ ತಿಳಿಯದು ಎಂದೇ ಉತ್ತರಿಸಿದರೆಂದು ವರದಿಯಾಗಿದೆ. ಇದನ್ನು ನಾನು ಓದುವ ದಿನಗಳಲ್ಲೇ ಕಲಿತಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಮಕ್ಕಳಿಗೂ ಹೇಳಿದ್ದೆ. ಹೇಳುವುದು ಬೇರೆ.

ಹನ್ನೊಂದು ವರ್ಷಗಳ ಹಿಂದೆ, ಆಗ ನಾನಿದ್ದ ಊರಿನಲ್ಲಿ, ಅಸರ್ ನಮಾಝಿನ ಬಳಿಕ ಒಬ್ಬರು ಮಸೀದಿಯ ಜಗಲಿಯಲ್ಲಿ ನನ್ನನ್ನು ಒಂದು ಮಸ್‌ಅಲ ಕೇಳಿದರು. ತಂದೆ ತೀರಿಕೊಂಡಿದ್ದರು. ತಾಯಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಆಸ್ತಿ 40 ಸೆಂಟ್ಸ್ ಜಾಗ. ತಂಗಿಯ ಮದುವೆಗೆ ತಂದೆ ಚಿನ್ನ ಕೊಟ್ಟಿದ್ದಾರೆ, ದೊಡ್ಡ ಖರ್ಚು ಮಾಡಿದ್ದಾರೆ. ಅವಳ ಪಾಲು ಅಲ್ಲಿಗೇ ಸಂದಾಯವಾದಂತಲ್ಲವೇ ಉಸ್ತಾದ್ ಎಂದರು. ಕೇಳಿದವರು ಹಿರಿಯಣ್ಣ. ಸುತ್ತ ಏಳೆಂಟು ಮಂದಿಯಿದ್ದರು. ನಾನು ಆ ಊರಿಗೆ ಹೊಸಬ. ತಡವರಿಸಿದರೆ ಈ ಉಸ್ತಾದಿಗೆ ಏನೂ ಗೊತ್ತಿಲ್ಲವೆಂದುಕೊಂಡಾರು ಎಂಬ ಅಳುಕು. ‘ಹೌದು, ಹಾಗೆ ಲೆಕ್ಕ ಹಿಡಿಯಬಹುದು’ ಎಂದುಬಿಟ್ಟೆ. ಎಷ್ಟು ಬೇಗ ಉತ್ತರ ಕೊಟ್ಟರು ನೋಡಿ ಎಂದು ಪಕ್ಕದಲ್ಲಿದ್ದವರೊಬ್ಬರು ಮೆಚ್ಚಿಕೊಂಡದ್ದು ಇನ್ನೂ ಕಿವಿಯಲ್ಲಿದೆ.

ನಾನು ಹೇಳಿದ್ದು ತಪ್ಪು. ತಂದೆ ಬದುಕಿರುವಾಗ ಮಗಳಿಗೆ ಕೊಟ್ಟದ್ದು ಕೊಡುಗೆ. ವಾರಸಿನ ಹಕ್ಕು ಹುಟ್ಟುವುದು ಅವರ ಮರಣದಿಂದ. ಒಂದರಿಂದ ಇನ್ನೊಂದನ್ನು ಕಳೆಯುವಂತಿಲ್ಲ. ‘ಅನ್ನಿಸಾ’ ಅಧ್ಯಾಯದ 11 ಮತ್ತು 12ನೆಯ ವಚನಗಳಂತೆ ತಾಯಿಗೆ ಎಂಟನೆಯ ಒಂದು, ಅಂದರೆ 5 ಸೆಂಟ್ಸ್. ಉಳಿದ 35ರಲ್ಲಿ ಗಂಡುಮಕ್ಕಳಿಗೆ ತಲಾ 14, ಮಗಳಿಗೆ 7. ಈ ಲೆಕ್ಕವನ್ನು ಏಳನೆಯ ತರಗತಿಯ ಮಗುವೂ ಮಾಡೀತು. ಸಂಶಯ ಕೊರೆಯತೊಡಗಿ ಕಿತಾಬ್ ತೆರೆದು ನೋಡಿ, ಓದಿಸಿದ ಗುರುಗಳಲ್ಲಿ ವಿಚಾರಿಸುವಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು. ಅಷ್ಟರಲ್ಲಿ ತಂಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿಯಾಗಿತ್ತು, ನೋಂದಣಿಯೂ ಮುಗಿದಿತ್ತು. ಅವಳ 7 ಸೆಂಟ್ಸ್ ಅಣ್ಣಂದಿರಲ್ಲಿ ಮೂರೂವರೆಯಂತೆ ಹಂಚಿಹೋಗಿತ್ತು.

ಮನಃಪೂರ್ವಕವಾಗಿ ಬಿಟ್ಟುಕೊಟ್ಟರೆ ತಪ್ಪೇನು ಎಂದು ಕೇಳುವವರಿದ್ದಾರೆ. ತನಗೆ ಹಕ್ಕಿದೆಯೆಂದು ತಿಳಿದು ಬಿಡುವುದು ಬೇರೆ. ನಿನಗಿನ್ನೇನೂ ಇಲ್ಲ, ಉಸ್ತಾದರೇ ಹೇಳಿದ್ದಾರೆ ಎಂದು ಕೇಳಿ ಹೆಬ್ಬೆಟ್ಟೊತ್ತುವುದು ಬೇರೆ. ತೌರಿನ ಬಾಗಿಲು ಮುಚ್ಚಿಹೋದೀತೆಂದು ಹೆದರಿ ಮಾಡುವ ಸಹಿ ಮತ್ತೂ ಬೇರೆ. ನಮ್ಮ ಎಷ್ಟು ಮನೆಗಳ ದಸ್ತಾವೇಜುಗಳಲ್ಲಿ ಇಂಥ ಸಹಿಗಳಿವೆಯೆಂದು ಓದುಗರಿಗೇ ಗೊತ್ತು. ಮಾಡಿಸಿಕೊಂಡವನನ್ನು ನಾವು ವ್ಯವಹಾರ ಬಲ್ಲವನು ಎಂದು ಹೊಗಳುತ್ತೇವೆ. ತನ್ನ ಸಂಪತ್ತೆಲ್ಲ ತನ್ನ ಜ್ಞಾನದಿಂದಲೇ ಬಂತೆಂದು ಹೇಳಿಕೊಂಡ ಕಾರೂನನನ್ನೂ (28:78) ಅಂದಿನ ಜನ ಹೀಗೆಯೇ ಆಸೆಗಣ್ಣಿನಿಂದ ನೋಡಿದ್ದರು.

ಅವರ ಮನೆಗೆ ಹೋದೆ. ಹಿರಿಯಣ್ಣ ಚಹಾ ಕೊಡಿಸಿದರು, ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಬಳಿಕ, ‘ನೀವೇ ಹೇಳಿದ್ದಲ್ಲವೇ ಉಸ್ತಾದ್? ಎಂಟು ಜನ ಸಾಕ್ಷಿ ಇದ್ದಾರೆ’ ಎಂದರು. ಉತ್ತರವಿರಲಿಲ್ಲ. ಮುಂದಿನ ಶುಕ್ರವಾರ ಜುಮುಅ ಮುಗಿದ ಮೇಲೆ ನಾನು ಎದ್ದುನಿಂತು, ಮಗಳ ಪಾಲಿನ ಬಗ್ಗೆ ಈ ಜಗಲಿಯಲ್ಲಿ ನಾನು ಹೇಳಿದ್ದು ತಪ್ಪು, ನನಗೆ ತಿಳಿದಿರಲಿಲ್ಲ ಎಂದು ಹೇಳಿದೆ. ಯಾರ ಮನೆಯ ಹೆಸರನ್ನೂ ಎತ್ತಲಿಲ್ಲ; ಊರಿಗೆ ತಿಳಿಯದಿರುವುದೇನಿತ್ತು? ಕೆಲವರಿಗೆ ನನ್ನ ಮೇಲಿದ್ದ ಗೌರವ ಅಂದೇ ಕಡಿಮೆಯಾಯಿತು.

ಎಂಟು ದಿನ ಬಿಟ್ಟು ಕಿರಿಯ ಅಣ್ಣ ರಾತ್ರಿ ನನ್ನ ಕೋಣೆಗೆ ಬಂದ. ಪೈಂಟಿಂಗ್ ಕೆಲಸ ಮಾಡುವವನು, ಓದಿದ್ದು ನಾಲ್ಕನೆಯ ತರಗತಿ. ಊರಿನಲ್ಲಿ ಅವನನ್ನು ಯಾರೂ ಬುದ್ಧಿವಂತನೆಂದು ಕರೆದದ್ದಿಲ್ಲ. ಹಿಂದೆ ಕೊಡಲು ಯಾವ ಕಾಗದ ಮಾಡಿಸಬೇಕು ಎಂದಷ್ಟೇ ಕೇಳಿದ. ಅಂದು ಮೊದಲ ಬಾರಿಗೆ ನಾನು, ‘ನನಗೆ ಗೊತ್ತಿಲ್ಲ, ವಕೀಲರನ್ನು ಕೇಳೋಣ’ ಎಂದೆ. ತನ್ನ ಪಾಲಿಗೆ ಬಂದಿದ್ದ ಮೂರೂವರೆ ಸೆಂಟ್ಸನ್ನು ಅವನು ತಂಗಿಯ ಹೆಸರಿಗೆ ದಾನಪತ್ರ ಮಾಡಿಕೊಟ್ಟ. ಅವಳು ಅಲ್ಲಿ ಎರಡು ಕೋಣೆಯ ಮನೆ ಕಟ್ಟಿಕೊಂಡಿದ್ದಾಳೆ.

ಉಳಿದ ಮೂರೂವರೆ ಸೆಂಟ್ಸ್ ಇಂದಿಗೂ ಹಿರಿಯಣ್ಣನ ಹೆಸರಿನಲ್ಲಿದೆ. ಆ ಊರಿನ ಕಡೆ ಹೋದಾಗಲೆಲ್ಲ ನಾನು ಅವರ ಬಾಗಿಲು ತಟ್ಟುತ್ತೇನೆ. ಚಹಾ ಬರುತ್ತದೆ, ಮಕ್ಕಳ ಓದಿನ ಮಾತು ಬರುತ್ತದೆ. ಜಾಗದ ಮಾತು ತೆಗೆದ ಕೂಡಲೇ ಅವರಿಗೆ ಎಲ್ಲಿಗೋ ಹೋಗುವ ಕೆಲಸ ನೆನಪಾಗುತ್ತದೆ. ಬರುವ ರಜಬ್‌ನಲ್ಲಿ ಮತ್ತೆ ಹೋಗಲಿದ್ದೇನೆ.