ಉಡುಗೊರೆಗೆ ಪಂಚತಂತ್ರವೇ ಏಕೆ?

ನಮ್ಮದು ಬಸ್ ಸ್ಟ್ಯಾಂಡ್ ಎದುರಿನ ಸಣ್ಣ ಪುಸ್ತಕದಂಗಡಿ. ಜೂನ್‌ನಲ್ಲಿ ನೋಟ್‌ಬುಕ್ಕು, ಗೈಡುಗಳ ವ್ಯಾಪಾರ. ಉಳಿದ ದಿನಗಳಲ್ಲಿ ಕಥೆ, ಕಾದಂಬರಿ. ಮಕ್ಕಳ ಹುಟ್ಟುಹಬ್ಬಕ್ಕೆ ಪುಸ್ತಕ ಕೇಳುವವರದು ಹೆಚ್ಚುಕಡಿಮೆ ಒಂದೇ ಮಾತು: “ನೀತಿ ಇರೋದು ಕೊಡಿ ಸಾರ್.” ಕೈ ಹೋಗುವುದು ಪಂಚತಂತ್ರ, ತೆನಾಲಿ ರಾಮಕೃಷ್ಣ, ಅಕ್ಬರ್–ಬೀರಬಲ್ ಕಡೆಗೇ. ಅವೇನು ಕೆಟ್ಟ ಪುಸ್ತಕಗಳಲ್ಲ. ಆದರೆ ಇವತ್ತಿನ ಲೇಖಕರು ಇವತ್ತಿನ ಮಕ್ಕಳಿಗೆಂದು ಬರೆದದ್ದು ಪಕ್ಕದ ಕಪಾಟಿನಲ್ಲಿ ದೂಳು ತಿನ್ನುತ್ತಿದೆಯಲ್ಲ, ನನಗೆ ಬೇಜಾರು ಅದಕ್ಕೆ.

ಯಾವುದನ್ನು ಕೊಳ್ಳುವುದೆಂದು ತಿಳಿಯದವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರದ ಪಟ್ಟಿಯೇ ಸಾಕು. 2021ರಲ್ಲಿ ಧಾರವಾಡದ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, 2022ರಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, 2023ರಲ್ಲಿ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’. ಮೂರೂ ಕಾದಂಬರಿಗಳು, ಹೈಸ್ಕೂಲು ಮೆಟ್ಟಿಲು ಹತ್ತುವ ಮಕ್ಕಳಿಗೆ ಹೇಳಿ ಮಾಡಿಸಿದಂಥವು. ಒಂದೇ ಪಟ್ಟಿನಲ್ಲಿ ಕಾದಂಬರಿ ಮುಗಿಸುವ ತಾಳ್ಮೆ ಇಲ್ಲದ ಮಗುವಿಗೆ ಕೃಷ್ಣಮೂರ್ತಿ ಬಿಳಿಗೆರೆಯವರ ‘ಛೂಮಂತ್ರಯ್ಯನ ಕಥೆಗಳು’ (2024) ಅಥವಾ ಕೆ. ಶಿವಲಿಂಗಪ್ಪ ಹಂದಿಹಾಳು ಅವರ ‘ನೋಟ್‌ಬುಕ್’ (2025) ಕೊಡಿ, ಎರಡೂ ಕಥಾಸಂಕಲನ. ಇನ್ನೂ ಅಕ್ಷರ ಕೂಡಿಸುತ್ತಿರುವ ಪುಟಾಣಿಗಳಿಗೆ ಪ್ರಥಮ್ ಬುಕ್ಸ್‌ನವರ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಬಿಟ್ಟಿಯಾಗಿಯೇ ಸಿಗುತ್ತವೆ. ಇದನ್ನು ಹೇಳಿದರೆ ನನ್ನ ವ್ಯಾಪಾರಕ್ಕೆ ನಷ್ಟ, ಆದರೂ ಹೇಳುತ್ತೇನೆ.

ಮಗುವಿಗೆ ಕೊಂಡು, ತಮಗೆ ಏನೂ ಬೇಡವೆಂದು ಹೊರಡುವ ಅಪ್ಪ–ಅಮ್ಮಂದಿರನ್ನು ನಾನು ಸುಮ್ಮನೆ ಬಿಡುವುದಿಲ್ಲ. ಇತಿಹಾಸದ ರುಚಿಯಿದ್ದರೆ ವಸುಧೇಂದ್ರರ ‘ತೇಜೋ ತುಂಗಭದ್ರಾ’: ಲಿಸ್ಬನ್ನಿನ ಹೊಳೆ, ವಿಜಯನಗರದ ಹೊಳೆ ಎರಡರ ದಂಡೆಯ ಬದುಕೂ ಒಂದೇ ಕಾದಂಬರಿಯಲ್ಲಿದೆ. ‘ನಮ್ಮ ಸಂಸಾರ ಎಲ್ಲ ಸರಿಯಾಗಿದೆ’ ಎಂದುಕೊಂಡಿರುವ ನೌಕರಸ್ಥರು ವಿವೇಕ ಶಾನಭಾಗರ ‘ಸಕೀನಾಳ ಮುತ್ತು’ ಓದಬೇಕು. ಮಗಳು ಸಂಪರ್ಕಕ್ಕೆ ಸಿಗದೆ ಹೋದಾಗ ಅಂಥದೇ ಒಬ್ಬ ಅಪ್ಪನ ಭರವಸೆ ಎಷ್ಟು ಪೊಳ್ಳೆಂದು ತಿಳಿಯುತ್ತದೆ. ಆತ್ಮಕಥೆ ಬೇಕೆಂದವರಿಗೆ ರಹಮತ್ ತರೀಕೆರೆಯವರ ‘ಕುಲುಮೆ’. ಕವಿತೆಗೆ ಬಿ.ಆರ್. ಶ್ರುತಿಯವರ ‘ಜೀರೋ ಬ್ಯಾಲೆನ್ಸ್’. ಸಾಹಿತ್ಯ ಅಕಾಡೆಮಿಯ 2024ರ ಯುವ ಪುರಸ್ಕಾರ ಅದಕ್ಕೆ ಬಂತು.

2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದದ ಮೂಲಕ, ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ಕನ್ನಡದವರೇ ಬಂದು ‘ಹಾರ್ಟ್ ಲ್ಯಾಂಪ್’ ಇದೆಯಾ ಎಂದು ಕೇಳಿದರು. ಅನುವಾದ ಓದಬಾರದೆಂದಲ್ಲ. ಆದರೆ ಹಾಸನದ ಲೇಖಕಿ ಕನ್ನಡದಲ್ಲಿ ಬರೆದದ್ದನ್ನು ಕನ್ನಡ ಬಲ್ಲವರು ಮೊದಲು ಕನ್ನಡದಲ್ಲೇ ಓದುವುದು ನ್ಯಾಯ.

ಇಷ್ಟೆಲ್ಲ ಹೇಳಿದ ಮೇಲೂ ಆಯ್ಕೆ ನನ್ನದಾಗಬಾರದು, ನಿಮ್ಮದೂ ಆಗಬಾರದು. ಮಗುವನ್ನೇ ಅಂಗಡಿಗೆ ಕರೆತನ್ನಿ. ಅದು ಮೂರು ಪುಸ್ತಕ ತೆಗೆದು, ಎರಡು ಪುಟ ಓದಿ, ಒಂದನ್ನು ವಾಪಸ್ ಇಡಲಿ. ಓದಿದ ಮೇಲೆ “ಏನು ನೀತಿ ಕಲಿತೆ?” ಎಂದು ಮಾತ್ರ ಕೇಳಬೇಡಿ. ಕೊಳ್ಳಲು ದುಡ್ಡಿಲ್ಲದಿದ್ದರೆ ಊರಿನ ಗ್ರಂಥಾಲಯಕ್ಕೆ ಹೋಗಿ, ಈ ಪುಸ್ತಕಗಳನ್ನು ತರಿಸಿರೆಂದು ಕೇಳಿ. ನೀವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವೂ ವಸೂಲಾಗುತ್ತದೆ. ಕೇಳುವ ಹಕ್ಕು ನಿಮಗಿದೆ.