ಹಾಡಿಗೆ ಬೈದು ಬಾಕ್ಸನ್ನು ಬಿಟ್ಟರು

ಡಿಜೆ ಎಂದರೆ ಹಳೇ ಮೈಸೂರಿನ ಹಳ್ಳಿಗಳಲ್ಲಿ ಈಗ ಹಾಡು ಆಯ್ದು ಹಾಕುವ ಮನುಷ್ಯನಲ್ಲ. ಟ್ರ್ಯಾಕ್ಟರ್ ಟ್ರೈಲರಿನ ಮೇಲೆ ಆಳೆತ್ತರ ಮೀರಿ ಪೇರಿಸಿದ ಸ್ಪೀಕರ್ ಬಾಕ್ಸು, ಹಿಂದೆ ಗುಡುಗುಡು ಎನ್ನುವ ಜನರೇಟರ್, ಸುತ್ತ ಬಣ್ಣದ ಲೈಟು, ಇಷ್ಟೂ ಸೇರಿದರೆ ಡಿಜೆ. ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನ ಕಡೆಯಿಂದ ಹಿಡಿದು ಕನಕಪುರ, ಮಾಗಡಿಯ ಊರುಗಳವರೆಗೆ ಗಣಪತಿ ಬಿಡುವುದಕ್ಕೆ, ಊರಹಬ್ಬಕ್ಕೆ, ಮದುವೆ ಮೆರವಣಿಗೆಗೆ ಇದು ಬೇಕೇ ಬೇಕು ಎನ್ನುವವರಿದ್ದಾರೆ. ಅದು ಬೀದಿಗೆ ಬಂದರೆ ಕದ ಮುಚ್ಚಿಕೊಳ್ಳುವವರೂ ಅಲ್ಲೇ ಇದ್ದಾರೆ.

ಗಣೇಶನ ಹಬ್ಬ ಹತ್ತಿರವಾದಂತೆ ಜಿಲ್ಲಾಡಳಿತಗಳು ಡಿಜೆ ನಿಷೇಧದ ಆದೇಶ ಹೊರಡಿಸುವುದು, ಕೂಡಲೇ ಜಗಳ ಹೊತ್ತಿಕೊಳ್ಳುವುದು ಕರ್ನಾಟಕದಲ್ಲಿ ವಾಡಿಕೆಯಾಗಿಬಿಟ್ಟಿದೆ. 2025ರಲ್ಲಿ ದಾವಣಗೆರೆ ಸೇರಿದಂತೆ ಹಲವು ಜಿಲ್ಲೆಗಳಲ್ಲಿ ಇದೇ ಆಯಿತು. ಇದು ಹಬ್ಬಕ್ಕೆ ಹಾಕಿದ ಅಡ್ಡಗಾಲು ಎಂದು ಒಂದು ಕಡೆಯವರು ಕೂಗಿದರೆ, ಹುಡುಗರನ್ನು ಕೆಡಿಸುತ್ತಿರುವ ಹಾಡುಗಳು ತೊಲಗಲಿ ಎಂದು ಇನ್ನೊಂದು ಕಡೆಯವರು. ಇಬ್ಬರ ಗುರಿಯೂ ತಪ್ಪಿದೆ.

ಮೊದಲು ಹಾಡಿನ ಮೇಲಿನ ದೂರು. ಕಾಲು ತಾನಾಗಿ ಎದ್ದು ಕುಣಿಯುವಂಥ ಸದ್ದು ಈ ಸೀಮೆಗೆ ಸಿನಿಮಾದವರು ತಂದುಕೊಟ್ಟದ್ದಲ್ಲ. ಪೂಜಾ ಕುಣಿತ, ಪಟ ಕುಣಿತ, ವೀರಗಾಸೆ, ಡೊಳ್ಳು ಯಾವುದೂ ಮೆಲುದನಿಯ ಕಲೆಯಲ್ಲ. 2018ರಲ್ಲಿ ಚರಣ್ ರಾಜ್ ಸಂಗೀತದಲ್ಲಿ ಆಂಟನಿ ದಾಸನ್ ಹಾಡಿದ ‘ಟಗರು ಬಂತು ಟಗರು’ ಬೀದಿ ಬೀದಿ ಕುಣಿಸಿದ್ದು ಈ ಜನಪದದ ಕಸುವಿನಿಂದಲೇ. ಹಾಡಿನ ಒಳಗಿನ ಸರಕಿನ ಬಗ್ಗೆ ತಕರಾರಿದ್ದರೆ ಅದು ಬೇರೆಯದೇ ವಿಚಾರ. 2020ರಲ್ಲಿ ರ‍್ಯಾಪರ್ ಚಂದನ್ ಶೆಟ್ಟಿಯವರ ‘ಕೋಲುಮಂಡೆ’ ವಿಡಿಯೋದಲ್ಲಿ ಮಲೆ ಮಾದಪ್ಪನ ಕಾವ್ಯದ ಶರಣೆ ಸಂಕಮ್ಮನನ್ನು ತೋರಿಸಿದ ರೀತಿಗೆ ಮಾದಪ್ಪನ ಒಕ್ಕಲು ಸಿಟ್ಟಾಯಿತು. ಶೆಟ್ಟಿಯವರು ಕ್ಷಮೆ ಕೇಳಿದರು, ವಿಡಿಯೋ ಇಳಿಯಿತು. ಆ ಜಗಳದಲ್ಲಿ ಡೆಸಿಬಲ್ಲಿನ ಮಾತೇ ಇರಲಿಲ್ಲ. ಡಿಜೆಯ ತೊಂದರೆ ಸದ್ದಿನದು; ಅದೇ ಬಾಕ್ಸಿನಲ್ಲಿ ಅಷ್ಟೇ ಜೋರಾಗಿ ಭಜನೆ ಹಾಕಿದರೂ ತೊಟ್ಟಿಲ ಕೂಸು ಬೆಚ್ಚಿ ಅಳುತ್ತದೆ.

ಇನ್ನು ನಿಷೇಧ. ಸದ್ದು ತಡೆಯಲು ಹೊಸ ಆದೇಶದ ಅಗತ್ಯವೇ ಇಲ್ಲ. ಶಬ್ದ ಮಾಲಿನ್ಯ ನಿಯಮಗಳು ಬಂದದ್ದು 2000ರಲ್ಲಿ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಎಂಬ ಮಿತಿ ಅದರಲ್ಲಿದೆ. ಧ್ವನಿವರ್ಧಕ ಬಳಸುವ ಸಾರ್ವಜನಿಕ ಜಾಗದ ಅಂಚಿನಲ್ಲಿ ಆ ಮಿತಿಗಿಂತ 10 ಡೆಸಿಬಲ್ ಹೆಚ್ಚು ಅಥವಾ 75, ಎರಡರಲ್ಲಿ ಕಡಿಮೆ ಯಾವುದೋ ಅಷ್ಟೇ ಇರಬೇಕು. ಎಂದರೆ ಊರ ಬೀದಿಗೆ ಹಗಲಲ್ಲಿ 65. ಲಿಖಿತ ಅನುಮತಿ ಇಲ್ಲದೆ ಮೈಕು ಕಟ್ಟುವಂತಿಲ್ಲ, ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಲ್ಲಿ ಹಾಕುವಂತೆಯೇ ಇಲ್ಲ. ಹಬ್ಬಗಳಿಗಾಗಿ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ಸಡಿಲ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. 2005ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೂಡ ರಾತ್ರಿಯ ನಿರ್ಬಂಧವನ್ನು ಖಡಾಖಂಡಿತವಾಗಿ ಹೇಳಿತು. ಇಷ್ಟೆಲ್ಲ ಇದ್ದೂ ಜಾರಿ ಮಾಡದೆ, ಹಬ್ಬದ ಹೊಸ್ತಿಲಲ್ಲಿ ‘ಡಿಜೆ ನಿಷೇಧ’ ಎಂದು ಗುಡುಗುವುದು ಆಡಳಿತದ ಸೋಮಾರಿತನ. ಅಡ್ವಾನ್ಸ್ ಕೊಟ್ಟು ಬುಕ್ ಮಾಡಿದ ಹುಡುಗರಿಗೂ, ಸಾಲ ಮಾಡಿ ಬಾಕ್ಸು ಕೊಂಡವನಿಗೂ ಅದು ಏಕಾಏಕಿ ಬಂದೆರಗುತ್ತದೆ.

ನಿಯಮದಲ್ಲೂ ತೂತುಗಳಿವೆ. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರ್ ಶಾಂತ ವಲಯ ಎನ್ನುವುದನ್ನು, ಸರ್ಕಾರ ಅಧಿಸೂಚಿಸಿದ್ದರೆ ಮಾತ್ರ ಎಂದು 2017ರ ತಿದ್ದುಪಡಿ ಸಡಿಲಗೊಳಿಸಿತು. ದೂರು ಕೇಳಬೇಕಾದ ಅಧಿಕಾರಿ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರಾಗಿರುವಂತಿಲ್ಲ. ಹಳ್ಳಿಯ ಮುದುಕಿ ಅರ್ಧರಾತ್ರಿ ಅವರನ್ನು ಎಲ್ಲಿ ಹುಡುಕಬೇಕು?

ಎಲ್ಲಕ್ಕಿಂತ ದೊಡ್ಡ ತೂತು ಅಳತೆಯದೇ. ನಿಯಮಗಳು ಬಳಸುವ ಡೆಸಿಬಲ್ (ಎ) ಮಾನ, ಮೆಲ್ಲನೆಯ ಸದ್ದಿನಲ್ಲಿ ಮನುಷ್ಯನ ಕಿವಿಗೆ ಮಂದ್ರ ಧ್ವನಿ ಕಡಿಮೆ ಕೇಳುತ್ತದೆ ಎಂಬ ಲೆಕ್ಕದ ಮೇಲೆ ನಿಂತದ್ದು. ಅದು 50 ಹರ್ಟ್ಸ್‌ನ ಸದ್ದಿನಿಂದ ಸುಮಾರು 30 ಡೆಸಿಬಲ್ ಕಳೆದುಬಿಡುತ್ತದೆ. ಡಿಜೆಯ ಜೀವ ಇರುವುದೇ ಅಲ್ಲಿ, ಎದೆಗೂಡಿಗೆ ಗುದ್ದುವ ಬೇಸಿನಲ್ಲಿ. ಬರೀ ಬೇಸೇ 95 ಡೆಸಿಬಲ್ಲಿಗೆ ಬಡಿಯುತ್ತಿದ್ದರೂ ಮೀಟರಿನ ಮುಳ್ಳು 65ರಲ್ಲಿ ಸಭ್ಯವಾಗಿ ನಿಂತಿರುತ್ತದೆ. ತೀಕ್ಷ್ಣ ಸದ್ದನ್ನು ಗೋಡೆ ಒಂದಿಷ್ಟು ತಡೆಯುತ್ತದೆ. ಬೇಸಿಗೆ ಗೋಡೆ ಲೆಕ್ಕಕ್ಕಿಲ್ಲ. ಕದ ಹಾಕಿದ ಮನೆಯಲ್ಲಿ ಹಾಡಿನ ಮಾತು ಕೇಳದೆ ದಢ್ ದಢ್ ಮಾತ್ರ ಕೇಳುವುದು, ಅಡಿಗೆಮನೆಯ ಸ್ಟೀಲು ತಟ್ಟೆ ಅದುರುವುದು ಇದರಿಂದಲೇ.

ಹಾಗಾದರೆ ತಮಟೆಗೆ ಮರಳೋಣ ಎನ್ನುವವರಿದ್ದಾರೆ. ತಮಟೆಯಲ್ಲೇ ಒಂದು ಕಡಿವಾಣ ಇರುವುದು ನಿಜ. ಚರ್ಮ ಸಡಿಲವಾದರೆ ಬೆಂಕಿಗೆ ಹಿಡಿದು ಕಾಯಿಸಬೇಕು, ಬಡಿಯುವವನ ರಟ್ಟೆ ಸೋಲುತ್ತದೆ, ನಡುವೆ ಬೀಡಿ ಸೇದಲು ಬಿಡುವು ಬೇಕು. ಡೀಸೆಲ್ ಇರುವವರೆಗೆ ಬಾಕ್ಸಿಗೆ ಆಯಾಸವಿಲ್ಲ. ಆದರೆ ಈ ಹಂಬಲ ಅಷ್ಟು ಮುಗ್ಧವೂ ಅಲ್ಲ. ತಮಟೆ ಬಡಿಯುವುದು ಬಹುಕಾಲ ದಲಿತ ಕೇರಿಯ ಮೇಲೆ ಹೇರಿದ ಚಾಕರಿಯಾಗಿತ್ತು, ಅದನ್ನು ಬಡಿಯಲಾರೆವು ಎನ್ನುವುದೇ ಸ್ವಾಭಿಮಾನದ ಮಾತಾಗಿದ್ದ ಕಾಲವೂ ಇತ್ತು. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಚಪ್ಪಾಳೆ ತಟ್ಟಿದ ಊರುಗಳು, ತಮ್ಮ ಹಬ್ಬಕ್ಕೆ ಕರೆಸುವ ತಮಟೆಯವರ ಕೂಲಿಯ ಬಗ್ಗೆ ಚೌಕಾಸಿ ಮಾಡುವುದನ್ನೇನೂ ಬಿಟ್ಟಿಲ್ಲ. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇದೇ ಸೀಮೆಯ ರಾಮನಗರದ ಹೆದ್ದಾರಿ ಬದಿಯಲ್ಲಿದೆ. ಅಲ್ಲಿ ವಾದ್ಯಗಳನ್ನು ಕಂಡು ಮೆಚ್ಚುವುದು ಸುಲಭ. ಡಿಜೆಗೆ ಕೊಡುವಷ್ಟನ್ನೇ ತಮಟೆ ತಂಡಕ್ಕೂ ಕೊಟ್ಟು, ಊಟದ ಪಂಕ್ತಿಯಲ್ಲಿ ಜೊತೆಗೆ ಕೂರಿಸಿಕೊಳ್ಳುವ ಊರು ಮಾತ್ರ ತಮಟೆಗೆ ಮರಳೋಣ ಎನ್ನಲಿ.

ಕುಣಿಯುವವರನ್ನು ಕುಣಿಯಲು ಬಿಡಬೇಕು. ಅನುಮತಿ ಪತ್ರದಲ್ಲಿ ಬಾಕ್ಸು ಎಷ್ಟು, ಬೇಸಿನವು ಎಷ್ಟು, ಯಾವ ಬೀದಿ, ಎಷ್ಟು ಗಂಟೆಗೆ ಬಂದ್ ಎಂದು ಬರೆಯಬೇಕು, ದೂರು ಕೇಳುವ ಅಧಿಕಾರಿಯ ಫೋನ್ ನಂಬರನ್ನು ಪಂಚಾಯಿತಿ ಗೋಡೆಗೆ ಹಚ್ಚಬೇಕು. ಬಾಕ್ಸನ್ನೇ ಎಣಿಸಿದರೆ ಮೀಟರಿನ ಮುಳ್ಳಿನ ಮೋಸ ನಡೆಯುವುದಿಲ್ಲ. ಇದೆಲ್ಲ ಹಬ್ಬಕ್ಕೆ ಎರಡು ತಿಂಗಳು ಮೊದಲೇ, ಬಾಕ್ಸಿನವರನ್ನೂ ಕೂರಿಸಿಕೊಂಡು ತೀರ್ಮಾನವಾಗಲಿ. ನಿಷೇಧದ ಆದೇಶಕ್ಕೆ ಸಹಿ ಹಾಕುವ ಕಚೇರಿಗಳು ಈ ಸಲ ಅಷ್ಟನ್ನಾದರೂ ಮಾಡಲಿ.