ಕೇಸು ನೋಡುವವರು ಕಣ್ಣು ನೋಡುವುದಿಲ್ಲ

ತಿಪಟೂರಿನ ಮಂಡಿಗಳಲ್ಲಿ, ತುರುವೇಕೆರೆಯ ಟೀ ಅಂಗಡಿಗಳಲ್ಲಿ, ಚಿಕ್ಕನಾಯಕನಹಳ್ಳಿಯ ಗ್ಯಾರೇಜುಗಳಲ್ಲಿ ಎರಡು ಮಾತು ಒಂದೇ ಬಾಯಿಂದ ಬರುತ್ತವೆ. ಓದು ಬಿಟ್ಟು ಅಲೆಯುವ ಹುಡುಗನನ್ನು ಕಂಡರೆ, ‘ಏನೂ ಆಗದಿದ್ದರೆ ಲಾರಿ ಡ್ರೈವರಾದರೂ ಆಗಲಿ’ ಎನ್ನುತ್ತಾರೆ. ಅದೇ ಹುಡುಗ ಒಂದು ಸಲ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿ ಇಳಿದು, ಆಮೇಲೆ ನೆಟ್ಟಗಾಗಿ, ಲೈಸೆನ್ಸ್ ಮಾಡಿಸಿಕೊಂಡು ಗಾಡಿ ಕೇಳಲು ಹೋದರೆ, ‘ಅವನಿಗಾ? ಅವನ ಮೇಲೆ ಕೇಸಿದೆಯಲ್ಲಪ್ಪ’ ಎನ್ನುತ್ತಾರೆ. ಮೊದಲ ಮಾತಿನಲ್ಲಿ ಚಾಲಕನ ಕೆಲಸ ಯಾವ ಯೋಗ್ಯತೆಯೂ ಬೇಡದ ಕೆಲಸ. ಎರಡನೆಯ ಮಾತಿನಲ್ಲಿ ಅದು ಕಳಂಕವಿಲ್ಲದ ಸಂತರಿಗೆ ಮೀಸಲಾದ ಪೀಠ. ಎರಡೂ ಸುಳ್ಳು. ಈ ಎರಡು ಸುಳ್ಳುಗಳ ನಡುವೆ ದುಡಿಯಬಲ್ಲ ಹುಡುಗರ ಬದುಕು ಸಿಕ್ಕಿಹಾಕಿಕೊಂಡಿದೆ ಎಂಬುದೇ ನಮ್ಮ ತಕರಾರು.

ಈ ಮೂರು ತಾಲ್ಲೂಕುಗಳು ತೆಂಗಿನ ಮೇಲೆ ಬದುಕುತ್ತವೆ ಎಂದು ಎಲ್ಲರೂ ಬರೆಯುತ್ತಾರೆ. ತೆಂಗು ಲಾರಿಯ ಮೇಲೆ ಬದುಕುತ್ತದೆ ಎಂದು ಯಾರೂ ಬರೆಯುವುದಿಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿ ಉಂಡೆ ಕೊಬ್ಬರಿಯಾಗಿ ತಿಪಟೂರಿನ ಎಪಿಎಂಸಿಯಲ್ಲಿ ಹರಾಜಾಗುತ್ತದೆ. ಅದನ್ನು ತಿನ್ನುವವರು ಮಾತ್ರ ನಾವಲ್ಲ. ದೆಹಲಿ, ಉತ್ತರ ಪ್ರದೇಶ, ರಾಜಸ್ಥಾನಗಳ ಮದುವೆ ಮನೆಗಳಿಗೆ, ಹಬ್ಬದ ಅಂಗಡಿಗಳಿಗೆ ಅದು ಹೋಗಬೇಕು. ಎಳನೀರು, ನಾರು, ಚಿಪ್ಪು ಎಲ್ಲವೂ ಗಾಡಿ ಹತ್ತಿಯೇ ಊರು ಬಿಡುತ್ತವೆ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,100 ರೂಪಾಯಿ ಬೆಂಬಲ ಬೆಲೆ ಘೋಷಿಸಿತು. ಆ ಕೊಬ್ಬರಿಯನ್ನು ಎರಡು ಸಾವಿರ ಕಿಲೋಮೀಟರಿಗೂ ದೂರ ನಿದ್ದೆಗೆಟ್ಟು ಸಾಗಿಸುವವನಿಗೆ ಯಾರ ಬೆಂಬಲವೂ ಇಲ್ಲ.

ಚಿಕ್ಕನಾಯಕನಹಳ್ಳಿಯ ಕತೆ ಇನ್ನೂ ಒಂದು ಸುತ್ತು ಹೆಚ್ಚಿನದು. ಅಲ್ಲಿ ಅದಿರು ಸಾಗಿಸಿದ ಕಾಲದಲ್ಲಿ ಕ್ಲೀನರ್ ಆಗಿ ಹತ್ತಿದ ಹುಡುಗರು ಡ್ರೈವರ್ ಆಗಿ ಇಳಿದರು. ಸುಪ್ರೀಂ ಕೋರ್ಟು 2011ರ ಆಗಸ್ಟಿನಲ್ಲಿ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆಯನ್ನು ನಿಲ್ಲಿಸಿತು. ಮಣ್ಣನ್ನು ಬಗೆದು ಮಾರುತ್ತಿದ್ದ ರೀತಿ ನೋಡಿದರೆ ನಿಲ್ಲಿಸಲೇಬೇಕಾಗಿತ್ತು. ಆದರೆ ಕೆಲಸ ಕಳೆದುಕೊಂಡ ಇಪ್ಪತ್ತು ವರ್ಷದ ಹುಡುಗರು ಆಮೇಲೆ ಏನಾದರು ಎಂದು ಯಾರೂ ಲೆಕ್ಕ ಇಡಲಿಲ್ಲ. ಕೆಲಸವಿಲ್ಲದ ಕೈಗಳು ಜಗಳಕ್ಕೆ ಬೇಗ ಸಿಗುತ್ತವೆ. ಠಾಣೆಯ ಪುಸ್ತಕಕ್ಕೂ ಬೇಗ ಸಿಗುತ್ತವೆ.

ನಾವು ಕತೆ ಬರೆಯುವವರು. ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಲು ಓದುಗರನ್ನು ಕೇಳುತ್ತೇವೆ. ಹೆಸರು ಬೇಡ. ಹತ್ತೊಂಬತ್ತರಲ್ಲಿ ಒಂದು ಉರುಸಿನಲ್ಲೋ ಜಾತ್ರೆಯಲ್ಲೋ ಹೊಡೆದಾಟ. 323, 504, 506 ಎಂದು ಎಫ್‌ಐಆರ್. ಕೆಲವು ವರ್ಷ ಕೋರ್ಟಿಗೆ ಅಲೆದು, ಹಿರಿಯರು ಕೂತು ಮಾತಾಡಿ, ರಾಜಿ. ಈಗ ಅವನಿಗೆ ಮೂವತ್ತೆರಡು. ಹೆಂಡತಿ, ಎರಡು ಮಕ್ಕಳು. ಸಕ್ಕರೆ ಕಾಯಿಲೆ ಕಾಣಿಸಿಕೊಂಡಿದೆ, ಮಾತ್ರೆ ನುಂಗುತ್ತಾನೆ. ಗಾಡಿ ಓಡಿಸುವುದು ಬಿಟ್ಟರೆ ಬೇರೆ ವಿದ್ಯೆ ಗೊತ್ತಿಲ್ಲ. ಇವನನ್ನು ಲಾರಿಯ ಮೇಲೆ ಕೂರಿಸಬಹುದೇ?

ಊರು ‘ಬೇಡ’ ಎನ್ನುತ್ತದೆ. ಕಾನೂನು ಏನನ್ನುತ್ತದೆ ನೋಡೋಣ.

ರಾಜಿಯಾದ ಇಂಥ ಕೇಸು ಖುಲಾಸೆಗೆ ಸಮ ಎಂದು ದಂಡ ಪ್ರಕ್ರಿಯಾ ಸಂಹಿತೆಯ 320ನೇ ಕಲಮು ಹೇಳಿತ್ತು; ಅದರ ಜಾಗಕ್ಕೆ 2024ರ ಜುಲೈನಿಂದ ಬಂದಿರುವ ಹೊಸ ಸಂಹಿತೆಯೂ ಅದನ್ನೇ ಹೇಳುತ್ತದೆ. ಹದಿನೆಂಟರೊಳಗಿನ ಹುಡುಗ ಮಾಡಿದ ತಪ್ಪು ಮುಂದೆ ಅವನಿಗೆ ಅನರ್ಹತೆಯಾಗಿ ಅಂಟಬಾರದು ಎಂಬುದು 2015ರ ಬಾಲನ್ಯಾಯ ಕಾಯ್ದೆಯ ಸಾಮಾನ್ಯ ನಿಯಮ. ಒಳ್ಳೆಯ ನಡತೆಯ ಷರತ್ತಿನ ಮೇಲೆ ಬಿಡುಗಡೆಯಾದವನಿಗೂ 1958ರ ಪರಿವೀಕ್ಷಣಾ ಕಾಯ್ದೆ ಇದೇ ರಕ್ಷಣೆ ಕೊಡುತ್ತದೆ. ಇನ್ನು 1988ರ ಮೋಟಾರು ವಾಹನ ಕಾಯ್ದೆಯ 19ನೇ ಕಲಮು ಲೈಸೆನ್ಸ್ ಕಿತ್ತುಕೊಳ್ಳಲು ಕಾರಣಗಳನ್ನು ಪಟ್ಟಿ ಮಾಡಿದೆ: ಅಪರಾಧವನ್ನೇ ರೂಢಿ ಮಾಡಿಕೊಂಡವನು, ಕುಡಿತವನ್ನೇ ರೂಢಿ ಮಾಡಿಕೊಂಡವನು, ಮಾದಕ ವಸ್ತುವಿನ ದಾಸ, ವಾಹನವನ್ನೇ ಅಪರಾಧಕ್ಕೆ ಬಳಸಿದವನು, ಹಿಂದೆ ಓಡಿಸಿದ ರೀತಿಯಿಂದಲೇ ಜನರಿಗೆ ಅಪಾಯ ಎಂದು ತೋರಿಸಿಕೊಟ್ಟವನು, ಹೀಗೆ. ಅಲ್ಲೂ ಅವನ ಮಾತು ಕೇಳಬೇಕು, ಕಾರಣ ಬರೆದು ಆದೇಶ ಮಾಡಬೇಕು, ಅವನಿಗೆ ಮೇಲ್ಮನವಿಯ ಹಕ್ಕಿದೆ. ಒಂದು ಉರುಸಿನ ಹೊಡೆದಾಟ ಆ ಪಟ್ಟಿಯಲ್ಲಿ ಇಲ್ಲ.

ಕಾನೂನು ಮುಚ್ಚಿದ ಕಡತವನ್ನು ತೆರೆದಿಟ್ಟುಕೊಂಡವರು ಬೇರೆಯವರು. ಠಾಣೆಯಲ್ಲಿ ರೌಡಿ ಪಟ್ಟಿ ಎಂಬುದೊಂದು ಇರುತ್ತದೆ. ಅದು ಪೊಲೀಸರು ತಮ್ಮ ಕೈಪಿಡಿಯ ಪ್ರಕಾರ ಇಟ್ಟುಕೊಂಡ ನಿಗಾ ಪುಸ್ತಕವೇ ಹೊರತು ಯಾವ ಕೋರ್ಟಿನ ತೀರ್ಪೂ ಅಲ್ಲ. ಆದರೆ ಚುನಾವಣೆ ಬಂದರೆ ಕರೆ, ಹಬ್ಬ ಬಂದರೆ ಕರೆ, ಮೆರವಣಿಗೆ ಬಂದರೆ ಕರೆ. ಮೂರು ದಿನದ ಲೋಡ್ ಬಿಟ್ಟು ಠಾಣೆಗೆ ಬರಬೇಕಾದವನನ್ನು ಯಾವ ಮಾಲೀಕ ಇಟ್ಟುಕೊಳ್ಳುತ್ತಾನೆ? ಹುಡುಗನ ಹೆಸರು ಮುಸ್ಲಿಮನದಾದರೆ ಅನುಮಾನಕ್ಕೆ ಬೇರೆ ಸಾಕ್ಷಿಯೇ ಬೇಡ ಎಂಬ ಕಾಲ ಇದು. ‘ಕೇಸಿದೆ’ ಎನ್ನುವವರು ನೆನಪಿಡಲಿ: 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದವರ ಪೈಕಿ ನೂರಕ್ಕೆ 75 ಮಂದಿ ವಿಚಾರಣಾಧೀನರು. ಅಪರಾಧ ಸಾಬೀತಾಗದವರು.

ಈಗ ದೇಹದ ವಿಷಯಕ್ಕೆ ಬರೋಣ. ಇಲ್ಲಿ ನಮ್ಮ ಸಿಟ್ಟು ತಿರುಗುವ ದಿಕ್ಕೇ ಬೇರೆ.

ಭಾರಿ ವಾಹನದ ಲೈಸೆನ್ಸಿಗೆ ಫಾರಂ 1-ಎ ಎಂಬ ವೈದ್ಯರ ಪ್ರಮಾಣಪತ್ರ ಬೇಕು. ಮೂರ್ಛೆ ಅಥವಾ ತಲೆಸುತ್ತು ಬರುತ್ತದೆಯೇ, ದೂರದ ನಂಬರ್ ಪ್ಲೇಟ್ ಕಾಣುತ್ತದೆಯೇ, ಕೆಂಪು ಹಸಿರು ಗುರುತು ಸಿಗುತ್ತದೆಯೇ, ಇರುಳುಗುರುಡು ಇದೆಯೇ, ಹಾರನ್ ಕೇಳುತ್ತದೆಯೇ? ಅರ್ಜಿಯ ಜೊತೆ ಕೇಳುವ ಈ ಪ್ರಶ್ನೆಗಳು ಸಣ್ಣವಲ್ಲ. ಒಂದೊಂದರ ಹಿಂದೆಯೂ ರಸ್ತೆ ದಾಟುವ ಶಾಲೆಯ ಮಕ್ಕಳಿದ್ದಾರೆ. 2019ರ ತಿದ್ದುಪಡಿಯ ನಂತರ ಈ ಲೈಸೆನ್ಸು ಮೂರು ವರ್ಷದ ಬದಲು ಐದು ವರ್ಷ ನಡೆಯುತ್ತದೆ. ಅಂದರೆ ವೈದ್ಯರು ಅವನನ್ನು ನೋಡಬೇಕಾದ ಸಂದರ್ಭವೇ ಕಡಿಮೆಯಾಯಿತು. ಆ ಒಂದು ಸಲವಾದರೂ ನೋಡುತ್ತಾರೆಯೇ? ಫಾರಂ ಏಜೆಂಟನ ಕೈಯಲ್ಲಿ ಹೋಗಿ ಸಹಿಯಾಗಿ ಏಜೆಂಟನ ಕೈಯಲ್ಲೇ ವಾಪಸ್ಸು ಬರುವುದನ್ನು ಕಾಣದ ಊರು ಯಾವುದಿದೆ? ಕಣ್ಣಿಗೆ ಪೊರೆ ಬಂದವನಿಗೂ ಸಹಿ, ಸಕ್ಕರೆ ಎಷ್ಟಿದೆ ಎಂದು ತಾನೇ ಅರಿಯದವನಿಗೂ ಸಹಿ.

ನಮ್ಮ ವಾದ ಇಷ್ಟೇ. ಪರೀಕ್ಷೆ ಮಾಡಬೇಕಾದ ಜಾಗದಲ್ಲಿ ಸಹಿ ಹಾಕುತ್ತಿದ್ದಾರೆ. ಸಹಿ ಹಾಕಿ ಮುಗಿಸಬೇಕಾದ ಜಾಗದಲ್ಲಿ ಜೀವಮಾನವಿಡೀ ಪರೀಕ್ಷೆ ಮಾಡುತ್ತಿದ್ದಾರೆ. ಹತ್ತು ವರ್ಷದ ಹಿಂದಿನ ಹೊಡೆದಾಟ ಲಾರಿಯನ್ನು ಹಳ್ಳಕ್ಕೆ ಬೀಳಿಸುವುದಿಲ್ಲ. ರಾತ್ರಿ ಎರಡು ಗಂಟೆಗೆ ಮಂಜಾಗುವ ಕಣ್ಣು ಬೀಳಿಸುತ್ತದೆ.

ಹಾಗೆಂದು ಕಾಯಿಲೆ ಇದ್ದವರನ್ನೆಲ್ಲ ಇಳಿಸಿಬಿಡಿ ಎಂಬುದು ನಮ್ಮ ಮಾತಲ್ಲ. ನಿಜವಾಗಿ ನೋಡಿದರೆ ಹಲವರನ್ನು ಉಳಿಸಬಹುದು. ಬಣ್ಣ ಗುರುತಿಸುವ ದೋಷ ಸ್ವಲ್ಪ ಅಥವಾ ಮಧ್ಯಮ ಮಟ್ಟದಲ್ಲಿದ್ದರೆ ಲೈಸೆನ್ಸ್ ಕೊಡಬಹುದು ಎಂದು 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿತು. ಇನ್ಸುಲಿನ್ ಚುಚ್ಚಿಕೊಳ್ಳುವವರು ಭಾರಿ ಲಾರಿ ಓಡಿಸಲು ಬ್ರಿಟನ್ 2011ರಿಂದ ಅವಕಾಶ ಕೊಟ್ಟಿದೆ, ಪ್ರತಿ ವರ್ಷ ಪರಿಶೀಲಿಸುವ ಷರತ್ತಿನ ಮೇಲೆ. ಅಮೆರಿಕವೂ 2018ರಲ್ಲಿ ಅವರ ಮೇಲಿದ್ದ ನಿಷೇಧವನ್ನು ಸಡಿಲಿಸಿತು. ಅಲ್ಲಿ ಕಾಯಿಲೆಯ ಹೆಸರು ನೋಡಿ ಬಾಗಿಲು ಮುಚ್ಚುವುದಿಲ್ಲ. ಮನುಷ್ಯನನ್ನು ನೋಡಿ ತೀರ್ಮಾನಿಸುತ್ತಾರೆ. ಮಾತ್ರೆಯಲ್ಲೇ ಸಕ್ಕರೆ ಹತೋಟಿಯಲ್ಲಿರುವ ನಮ್ಮ ಹುಡುಗ ಹೊತ್ತಿಗೆ ಸರಿಯಾಗಿ ಊಟ ಮಾಡಿ, ಆಗಾಗ ಪರೀಕ್ಷೆ ಮಾಡಿಸಿಕೊಂಡು, ಜೇಬಿನಲ್ಲಿ ನಾಲ್ಕು ಬೆಲ್ಲದಚ್ಚು ಇಟ್ಟುಕೊಂಡು ಓಡಿಸಬಲ್ಲ. ಆದರೆ ಹೊತ್ತಿಗೆ ಊಟ ಬೇಕೆಂದರೆ ಹೊತ್ತಿಗೆ ವಿಶ್ರಾಂತಿಯೂ ಬೇಕು. ಸಾರಿಗೆ ಕಾರ್ಮಿಕರಿಗೆ ದಿನಕ್ಕೆ 8 ಗಂಟೆ ಕೆಲಸ ಎಂದು 1961ರ ಕಾಯ್ದೆಯೇ ಹೇಳಿತ್ತು; ಅದರ ಬದಲು 2025ರ ನವೆಂಬರಿನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಯೂ ಎಂಟೇ ಎನ್ನುತ್ತದೆ. ಕೊಬ್ಬರಿ ಲೋಡಿನ ಯಾವ ಚಾಲಕ ಎಂಟು ಗಂಟೆಗೆ ಗಾಡಿ ನಿಲ್ಲಿಸಿದ್ದಾನೆ? ಆರೋಗ್ಯವಂತನನ್ನೂ ರೋಗಿ ಮಾಡುವ ದುಡಿಮೆ ಇದು. ರೋಗ ಬಂದ ಮೇಲೆ ‘ನಿನಗೆ ಆಗುವುದಿಲ್ಲ, ಮನೆಗೆ ಹೋಗು’ ಎನ್ನುವುದು ಯಾವ ನ್ಯಾಯ? ಸರ್ಕಾರಿ ಸಂಸ್ಥೆಯ ಚಾಲಕನಿಗೆ ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಅವನಿಗೆ ಬೇರೆ ಕೆಲಸ ಕೊಡಬೇಕು. ಖಾಸಗಿ ಲಾರಿಯವನಿಗೆ ಆ ನೆರಳೂ ಇಲ್ಲ.

ಮಾಲೀಕರು ಹೇಳುವ ದೊಡ್ಡ ನೆಪ ಇನ್ಶೂರೆನ್ಸಿನದು. ‘ಕೇಸಿರುವವನ ಕೈಗೆ ಗಾಡಿ ಕೊಟ್ಟು ಏನಾದರೂ ಆದರೆ ಕಂಪನಿಯವರು ದುಡ್ಡು ಕೊಡುವುದಿಲ್ಲ ಭಾಯ್.’ ಅಪಘಾತದಲ್ಲಿ ಸತ್ತವರ, ಗಾಯಗೊಂಡವರ ಪರಿಹಾರದಿಂದ ಕಂಪನಿ ತಪ್ಪಿಸಿಕೊಳ್ಳಬಹುದಾದ ಕಾರಣಗಳನ್ನು ಕಾಯ್ದೆಯೇ ಎಣಿಸಿದೆ: ಸರಿಯಾದ ಲೈಸೆನ್ಸ್ ಇಲ್ಲದವನು, ಅನರ್ಹಗೊಂಡವನು, ಕುಡಿದವನು ಓಡಿಸಿದ್ದು ಇತ್ಯಾದಿ. ಚಾಲಕನ ಮೇಲೆ ಹಳೆಯ ಹೊಡೆದಾಟದ ಕೇಸಿತ್ತು ಎಂಬುದು ಅದರಲ್ಲಿಲ್ಲ. ನಿಜವಾಗಿ ಭಯ ಪಡಬೇಕಾದ್ದು ಅವಧಿ ಮುಗಿದ ಲೈಸೆನ್ಸಿಗೆ.

ಇನ್ನೊಂದು ಆಕ್ಷೇಪದಲ್ಲಿ ಹುರುಳಿದೆ. ಲಕ್ಷಗಟ್ಟಲೆ ಬೆಲೆಯ ಗಾಡಿ, ಅಷ್ಟೇ ಬೆಲೆಯ ಲೋಡು. ಕಳ್ಳತನದ ಕೇಸಿದ್ದವನ ಕೈಗೆ ಕೀಲಿ ಕೊಡು ಎನ್ನುವುದು ಸುಲಭ, ಕೊಡುವುದು ಕಷ್ಟ. ಒಪ್ಪುತ್ತೇವೆ. ಕುಡಿದು ಓಡಿಸಿ ಜೀವ ತೆಗೆದವನನ್ನು ಮತ್ತೆ ಸ್ಟೇರಿಂಗ್ ಮುಂದೆ ಕೂರಿಸಿ ಎಂದೂ ನಾವು ಹೇಳುವುದಿಲ್ಲ. ಅಲ್ಲಿ ಕನಿಕರ ತೋರಿದರೆ ಅದು ರಸ್ತೆಯಲ್ಲಿ ನಡೆಯುವವರಿಗೆ ಮಾಡುವ ದ್ರೋಹ. ಆದರೆ ಉಳಿದವರಿಗೆ ಮೆಟ್ಟಿಲುಗಳಿವೆ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕಿಲೋ ಒಟ್ಟು ತೂಕದೊಳಗಿನ ಸರಕು ಗಾಡಿಯನ್ನೂ ಓಡಿಸಬಹುದು ಎಂದು ತೀರ್ಪು ಕೊಟ್ಟಿದೆ. ತೋಟದಿಂದ ಮಂಡಿಗೆ, ಮಂಡಿಯಿಂದ ನಾರಿನ ಫ್ಯಾಕ್ಟರಿಗೆ ಮೊದಲು ಸಣ್ಣ ಗಾಡಿ ಕೊಡಿ. ಒಂದು ವರ್ಷ ನೋಡಿ. ಕಾನೂನೂ ದೊಡ್ಡ ಗಾಡಿಯ ಎಲ್‌ಎಲ್ ಕೊಡುವ ಮುನ್ನ ಲಘು ವಾಹನದ ಲೈಸೆನ್ಸ್ ಒಂದು ವರ್ಷ ಹಳೆಯದಾಗಿರಬೇಕು ಎನ್ನುತ್ತದೆ. ನಂಬಿಕೆಯನ್ನೂ ಹಾಗೆಯೇ ಮೆಟ್ಟಿಲು ಮೆಟ್ಟಿಲಾಗಿ ಕೊಡಬಹುದು.

ಕಡೆಯ ಮಾತು ನಮ್ಮ ಜಮಾಅತ್‌ಗಳಿಗೆ. ಜುಮಾದ ದಿನ ತೌಬಾದ ಬಗ್ಗೆ ಕಣ್ಣೀರು ಬರುವಂತೆ ಬಯಾನ್ ಮಾಡುತ್ತಾರೆ. ಹಜ್ರತ್ ಫುಜೈಲ್ ಬಿನ್ ಇಯಾಜ್ ಅವರ ಹೆಸರು ಎತ್ತುತ್ತಾರೆ. ಖುರಾಸಾನಿನ ದಾರಿಯಲ್ಲಿ ಕಾಫಿಲಾಗಳನ್ನು ದೋಚುತ್ತಿದ್ದ ಫುಜೈಲ್ ಒಂದು ರಾತ್ರಿ ಕುರ್‌ಆನಿನ ಮಾತು ಕಿವಿಗೆ ಬಿದ್ದು ಬದಲಾದರು. ಹಿಜರಿ 187ರಲ್ಲಿ ಮಕ್ಕಾದಲ್ಲಿ ತೀರಿಕೊಂಡಾಗ ದೊಡ್ಡ ವಲಿ ಎನಿಸಿದ್ದರು. ಪಕ್ಕದ ಬೀದಿಯ ಹಿಂದೂ ಗೆಳೆಯರು ಬೇಡನಾಗಿ ದಾರಿ ಕಾಯುತ್ತಿದ್ದ ವಾಲ್ಮೀಕಿಯ ಕತೆ ಹೇಳುತ್ತಾರೆ. ಇಬ್ಬರದೂ ಹೆದ್ದಾರಿಯ ಕತೆಯೇ. ಸಾವಿರ ವರ್ಷದ ಹಿಂದಿನ ದರೋಡೆಕೋರನನ್ನು ಕೊಂಡಾಡುವ ಬಾಯಿ, ಬಿ.ಎಚ್. ರಸ್ತೆಯಲ್ಲಿ ದುಡಿದು ತಿನ್ನಲು ಬಂದವನನ್ನು ಕಂಡ ಕೂಡಲೇ ‘ಅವನ ಸಹವಾಸ ಬೇಡ’ ಎಂದು ಯಾಕೆ ತಿರುಗುತ್ತದೆ?

ಕನ್ನಡದಲ್ಲಿ ಜಾಮೀನು ಎಂದರೆ ಕೋರ್ಟಿನ ಕಾಗದ. ಉರ್ದುವಿನಲ್ಲಿ ಜಾಮಿನ್ ಎಂದರೆ ಹೊಣೆ ಹೊತ್ತು ಮುಂದೆ ನಿಂತ ಮನುಷ್ಯ. ಇವತ್ತು ಆ ಮನುಷ್ಯ ಬೇಕಾಗಿದ್ದಾನೆ. ಮುತವಲ್ಲಿಯೋ ಮಂಡಿಯ ಹಿರಿಯರೋ ‘ಈ ಹುಡುಗನಿಗೆ ನಾನಿದ್ದೇನೆ’ ಎಂದು ಮಾಲೀಕರ ಎದುರು ಒಂದು ಮಾತು ಆಡಿದರೆ ಅದಕ್ಕೆ ಸ್ಟಾಂಪ್ ಪೇಪರ್ ಬೇಡ. ಸಾಚಾರ್ ಸಮಿತಿ 2006ರಲ್ಲೇ ಬರೆದಿತ್ತು: ಮುಸ್ಲಿಮರು ಸಂಬಳದ ನೌಕರಿಗಿಂತ ಸ್ವಂತ ದುಡಿಮೆಯನ್ನು ನಂಬಿದವರು, ಆದರೆ ಬ್ಯಾಂಕ್ ಸಾಲ ಅವರಿಗೆ ಸಿಗುವುದು ಕಡಿಮೆ. ಎಂಟನೇ ತರಗತಿ ಪಾಸಾಗದವರಿಗೆ ಸಾರಿಗೆ ವಾಹನದ ಲೈಸೆನ್ಸ್ ಇಲ್ಲ ಎಂಬ ನಿಯಮವನ್ನು ಕೇಂದ್ರ ಸರ್ಕಾರ 2019ರಲ್ಲಿ ತೆಗೆದುಹಾಕಿದ್ದು ಹರಿಯಾಣದ ಮೇವಾತಿನಂಥ ಕಡೆ ಚಾಲನೆಯನ್ನೇ ನಂಬಿದ ಬಡವರ ಸಂಕಟ ಅದರ ಮುಂದೆ ಬಂದ ಮೇಲೆ. ಮೇವಾತಿನವರ ಸಂಕಟ ದೆಹಲಿಗೆ ಕೇಳಿಸಿತು. ತಿಪಟೂರಿನವರದು ತುಮಕೂರಿಗಾದರೂ ಕೇಳಿಸಬೇಕು.

ಕೇಳುವುದು ದೊಡ್ಡದೇನಲ್ಲ. ಮಸೀದಿ, ದೇವಸ್ಥಾನ, ಲಾರಿ ಮಾಲೀಕರು ಸೇರಿ ವರ್ಷಕ್ಕೊಮ್ಮೆ ಎಪಿಎಂಸಿ ಅಂಗಳದಲ್ಲೇ ಚಾಲಕರ ಕಣ್ಣು, ಸಕ್ಕರೆ, ಬಿ.ಪಿ. ನೋಡಿಸಲಿ; ಕನ್ನಡಕ ಬೇಕಾದವನಿಗೆ ಕನ್ನಡಕ ಕೊಡಿಸಲಿ. ಮುಖ ನೋಡದೆ ಫಾರಂಗೆ ಸಹಿ ಹಾಕುವ ವೈದ್ಯರ ಮೇಲೆ ಆರ್‌ಟಿಒ ಕ್ರಮ ಜರುಗಿಸಲಿ. ಮುಗಿದ ಕೇಸಿನವರ ಹೆಸರನ್ನು ಠಾಣೆಯ ಪಟ್ಟಿಯಿಂದ ತೆಗೆಸಲು ತಾಲ್ಲೂಕು ಕಾನೂನು ಸೇವಾ ಸಮಿತಿಯ ವಕೀಲರ ಬಳಿಗೆ ಜಮಾಅತಿನವರೇ ಕರೆದುಕೊಂಡು ಹೋಗಲಿ. ಗಾಡಿ ಕೊಡುವ ಮುನ್ನ ಮಾಲೀಕರು ಕೇಳಬೇಕಾದ ಪ್ರಶ್ನೆಗಳು ಮೂರು: ಲೈಸೆನ್ಸ್ ಚಾಲ್ತಿಯಲ್ಲಿದೆಯೇ, ಕಣ್ಣು ಕಾಣುತ್ತದೆಯೇ, ನಿನ್ನೆ ರಾತ್ರಿ ನಿದ್ದೆ ಮಾಡಿದ್ದೀಯಾ. ಹತ್ತೊಂಬತ್ತರಲ್ಲಿ ಯಾರ ಜೊತೆ ಹೊಡೆದಾಡಿದೆ ಎಂಬುದು ಕೋರ್ಟು ಕೇಳಿ ಮುಗಿಸಿದ ಪ್ರಶ್ನೆ. ಅದನ್ನು ಮತ್ತೆ ಕೇಳುವ ಅಧಿಕಾರ ಮಂಡಿಯ ಕಟ್ಟೆಗಿಲ್ಲ.